ಟೇಪಣ್ಣನಿಗೆ ಗಾಳಿ ಕರೆಂಟು ಗೊತ್ತಾದದ್ದು

ದೇಶದೇಶಗಳೆಲ್ಲ ಕಲ್ಲಿದ್ದಲಿಗೆ ಬೆನ್ನು ಹಾಕಿ ಗಾಳಿ, ಬಿಸಿಲುಗಳ ಕಡೆ ಮುಖ ತಿರುಗಿಸುತ್ತಿದ್ದ ಕಾಲ ಅದು. ದೊಡ್ಡ ದೊಡ್ಡ ದೇಶಗಳಿಗೆ ಈ ತಿರುಗುವ ಕೆಲಸಕ್ಕೆ ವರ್ಷಗಟ್ಟಲೆ ಬೇಕಾಯಿತು. ಅವು ಸಭೆ ಸೇರಿದವು, ಮುನಿಸಿಕೊಂಡವು, ಮತ್ತೆ ಸಭೆ ಸೇರಿದವು. ಟೇಪಣ್ಣ ಮಾತ್ರ ಒಂದು ಸೋಮವಾರ ಬೆಳಗ್ಗೆ, ಲೋಟದ ಕಾಫಿ ಆರುವಷ್ಟರಲ್ಲಿ ಪೂರ್ತಿ ತಿರುಗಿಬಿಟ್ಟ.

ಟೇಪಣ್ಣ ಅವನ ಹುಟ್ಟುಹೆಸರಲ್ಲ. ಅವನು ದರ್ಜಿ. ಕೊರಳಲ್ಲಿ ಸದಾ ಅಳತೆಯ ಟೇಪು. ಮದುವೆಗೆ ಹೋದರೂ ಅದು ಜೊತೆಗಿರುತ್ತಿತ್ತು, ಆಸ್ಪತ್ರೆಗೆ ಹೋದರೂ ಇರುತ್ತಿತ್ತು. ಬೀದಿಯ ಜನ ಅವನ ನಿಜವಾದ ಹೆಸರನ್ನು ಮರೆತು ಬಹಳ ಕಾಲವಾಗಿತ್ತು. ಯಾರಾದರೂ ಆ ಹೆಸರಿನಿಂದ ಕೂಗಿದರೆ ಅವನೇ ಹಿಂದೆ ತಿರುಗಿ ಬೇರೆ ಯಾರೋ ಇದ್ದಾರೇನೋ ಎಂದು ನೋಡುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಕೆಳಗೆ ಕರೆಂಟಿನ ಹೊಲಿಗೆ ಯಂತ್ರ, ಅದರ ಪಕ್ಕ ಇಸ್ತ್ರಿ ಮೇಜು, ಮೂಲೆಯಲ್ಲಿ ತಲೆಯಿಲ್ಲದ ಒಂದು ಮರದ ಬೊಂಬೆ.

ಹಿಂದಿನ ವಾರ ವಿದ್ಯುತ್ ಕಚೇರಿಯವರ ಗಾಡಿಯೊಂದು ಬೀದಿಯಲ್ಲಿ ಕೂಗಿಕೊಂಡು ಹೋಗಿತ್ತು. ‘ಸೋಮವಾರದಿಂದ ನಿಮ್ಮ ಬಡಾವಣೆಗೆ ಗುಡ್ಡದ ಮೇಲಿನ ಗಾಳಿಯಂತ್ರಗಳಿಂದ ವಿದ್ಯುತ್ ಬರುತ್ತದೆ. ನೀವು ಏನೂ ಮಾಡಬೇಕಾಗಿಲ್ಲ. ನಿಮಗೆ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ.’

ಈ ಕೊನೆಯ ಮಾತು ಟೇಪಣ್ಣನ ಎದೆಗೆ ಸೂಜಿಯ ಹಾಗೆ ನಾಟಿತು.

“ನಮಗೆ ಗೊತ್ತಾಗಲ್ಲ ಅನ್ನೋಕೆ ಇವರ್ಯಾರು?” ಎಂದು ಅವನು ಹೆಂಡತಿಯ ಮುಂದೆ ಹಾರಾಡಿದ. “ನೂಲು ಮುಟ್ಟಿದ್ರೆ ಯಾವ ಮಿಲ್ಲಿಂದು ಅಂತ ಹೇಳ್ತೀನಿ ನಾನು. ಕರೆಂಟು ಗೊತ್ತಾಗಲ್ವಾ?”

ಸೋಮವಾರ ಬೆಳಗ್ಗೆ ಅವನು ಯಂತ್ರದ ಮುಂದೆ ಕೂತು ಕಾಲಿಟ್ಟು ಒತ್ತಿದ. ಎಷ್ಟೋ ತಿಂಗಳಿಂದ ಹೊಟ್ಟೆನೋವಿನ ರೋಗಿಯಂತೆ ನರಳುತ್ತಿದ್ದ ಯಂತ್ರ ಅಂದು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಓಡಿತು. ಟೇಪಣ್ಣ ಕಾಲು ತೆಗೆದ. ಮತ್ತೆ ಒತ್ತಿದ. ಕಣ್ಣು ಮುಚ್ಚಿ ಒತ್ತಿದ. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಬಂತು! ಗಾಳಿ ಕರೆಂಟು ಬಂತು!” ಎಂದು ಇಡೀ ಬೀದಿಗೆ ಸಾರಿದ.

ಅಡುಗೆಮನೆಯಲ್ಲಿದ್ದ ಹೆಂಡತಿ ಭಾನುವಾರ ಮಧ್ಯಾಹ್ನವೇ ಯಂತ್ರದ ಹೊಟ್ಟೆ ಬಿಚ್ಚಿ, ಧೂಳು ಒರೆಸಿ, ಧಾರಾಳವಾಗಿ ಎಣ್ಣೆ ಬಿಟ್ಟಿದ್ದಳು. ಅದನ್ನು ಹೇಳಲೆಂದೇ ಸೌಟು ಹಿಡಿದು ಬಾಗಿಲಿಗೆ ಬಂದಳು. ಗಂಡನ ಮುಖ ನೋಡಿದಳು. ಅಂಥ ಸಂತೋಷ ಆ ಮುಖದ ಮೇಲೆ ಅಪರೂಪ. ಇರಲಿ ಪಾಪ ಎಂದು ಒಳಗೆ ಹೋದಳು. ಲೋಕದ ಎಷ್ಟೋ ಅನಾಹುತಗಳು ಹೆಂಡತಿಯರ ಇಂಥ ಕರುಣೆಯಿಂದಲೇ ಹುಟ್ಟಿವೆ.

ಮೊದಲು ಸಿಕ್ಕವನು ಬೇಕರಿಯವನು. ಹರಿದ ಏಪ್ರನ್ ಹಿಡಿದು ಬಂದಿದ್ದ.

“ಕಲ್ಲಿದ್ದಲು ಕರೆಂಟು ಒರಟು,” ಎಂದು ಟೇಪಣ್ಣ ಅವನಿಗೆ ಪಾಠ ಶುರು ಮಾಡಿದ. “ನೆಲ ಅಗೆದು ತಂದಿದ್ದು ನೋಡು, ಎಷ್ಟು ಸುಟ್ರೂ ಕಲ್ಲಿನ ಗುಣ ಬಿಡಲ್ಲ. ಗಾಳಿ ಕರೆಂಟು ಹಗುರ. ಬಿಸಿಲಿನ ಕರೆಂಟು ಸ್ವಲ್ಪ ಬೆಚ್ಚಗೆ ಇರುತ್ತೆ. ಅದು ಬಂದಾಗ ಹೇಳ್ತೀನಿ.”

ಬೇಕರಿಯವನು ಯೋಚನೆಗೆ ಬಿದ್ದ. “ಹಗುರಾನಾ? ಅಯ್ಯೋ, ಅದಕ್ಕೇ ಇವತ್ತು ನನ್ನ ಬ್ರೆಡ್ಡು ಉಬ್ಬಲಿಲ್ಲ!”

ಬೇಕರಿಯವನ ಬ್ರೆಡ್ಡು ಹಿಂದಿನ ದಿನವೂ ಉಬ್ಬಿರಲಿಲ್ಲ, ಅದರ ಹಿಂದಿನ ದಿನವೂ ಉಬ್ಬಿರಲಿಲ್ಲ. ಆದರೆ ಆಗೆಲ್ಲ ಅದಕ್ಕೊಂದು ಕಾರಣ ಸಿಕ್ಕಿರಲಿಲ್ಲ. ಈಗ ಸಿಕ್ಕಿತು. ಮನುಷ್ಯನಿಗೆ ಬ್ರೆಡ್ಡಿಗಿಂತ ಕಾರಣ ಮುಖ್ಯ.

ಗಾಳಿಗಿಂತ ಗಾಳಿಮಾತಿಗೆ ವೇಗ ಜಾಸ್ತಿ. ಮಹಡಿಯ ನಿವೃತ್ತ ಮೇಷ್ಟ್ರ ರೇಡಿಯೋಗೆ ಏದುಸಿರು ಬಂದದ್ದು ಗಾಳಿ ಕರೆಂಟಿನಿಂದ ಎಂದಾಯಿತು. ಹಾಲು ಒಡೆದದ್ದು, ಇಸ್ತ್ರಿ ಪೆಟ್ಟಿಗೆ ಕಾಯದ್ದು, ಯಾರದೋ ಮಗಳು ಗಣಿತದಲ್ಲಿ ನಪಾಸಾದದ್ದು, ಎಲ್ಲಕ್ಕೂ ಗುಡ್ಡದ ಮೇಲಿನ ಯಂತ್ರಗಳೇ ಹೊಣೆಯಾದವು. ಜನ ತಮ್ಮ ಮಿಕ್ಸಿ, ಕೆಟಲ್ಲು, ಫ್ಯಾನುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಟೇಪಣ್ಣನ ಅಂಗಡಿಗೆ ಬಂದರು. ಅವನು ಒಂದೊಂದರ ಮೇಲೂ ಅಂಗೈ ಇಟ್ಟು, ನಾಡಿ ನೋಡುವ ವೈದ್ಯನಂತೆ ಚಾವಣಿ ನೋಡಿ, “ಹೂಂ, ಗಾಳಿ... ಸ್ವಲ್ಪ ಬಿಸಿಲು ಬೆರೆತಿದೆ,” ಎನ್ನುತ್ತಿದ್ದ. ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದ್ದು ಕಾಳಿನ ವಿಷಯಕ್ಕೆ. ಟೇಪಣ್ಣ ತನ್ನನ್ನೇ ಎತ್ತಿ ತೂರಿಕೊಂಡ.

ಹೆಚ್ಚಿನ ತೊಂದರೆಯಾದದ್ದು ಅತ್ತೆಯ ಮಂಡಿಗೆ.

ಅತ್ತೆ, ಎಂದರೆ ಹೆಂಡತಿಯ ತಾಯಿ, ಮತ್ತು ಅವರ ಮಗ, ಎಂದರೆ ಟೇಪಣ್ಣನ ಭಾವಮೈದ, ಕೆಲವು ತಿಂಗಳಿಂದ ಈ ಮನೆಯಲ್ಲೇ ಇದ್ದರು. ಭಾವಮೈದ ಊರಾಚೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಅವನಿಗಿಂತ ಮೊದಲು ಅವನ ಅಪ್ಪನೂ ಅಲ್ಲೇ ದುಡಿದವರು. ಈಗ ಸ್ಥಾವರದ ಒಂದೊಂದೇ ಭಾಗ ಮುಚ್ಚುತ್ತಿತ್ತು, ಮೊದಲು ಮುಚ್ಚಿದ್ದು ಇವನ ಭಾಗವೇ. ಕೆಲಸದ ಜೊತೆಗೆ ಕ್ವಾರ್ಟರ್ಸೂ ಹೋಯಿತು. ಅತ್ತೆಗೆ ರಕ್ತದೊತ್ತಡ. ಈ ಸುದ್ದಿ ಕೇಳಿದರೆ ಏನಾಗುತ್ತೋ ಎಂದು ಅಕ್ಕ ತಮ್ಮ ಸೇರಿಕೊಂಡು, ಅವನು ಕೂಡಿಟ್ಟ ರಜೆ ತೆಗೆದುಕೊಂಡಿದ್ದಾನೆ, ಕ್ವಾರ್ಟರ್ಸಿಗೆ ಬಣ್ಣ ಬಳಿಯುತ್ತಿದ್ದಾರೆ ಎಂದು ಅವರಿಗೆ ಹೇಳಿದ್ದರು. “ಈ ಮಾತು ನಿಮ್ಮ ಬಾಯಿಂದ ಹೊರಗೆ ಬಿದ್ರೆ ನಾನು ಈ ಮನೇಲಿ ಇರಲ್ಲ,” ಎಂದು ಹೆಂಡತಿ ಟೇಪಣ್ಣನಿಂದ ಆಣೆ ಮಾಡಿಸಿಕೊಂಡಿದ್ದಳು.

“ಅದೇನು ಕ್ವಾರ್ಟರ್ಸಿಗೆ ಬಳೀತಿದಾರೋ, ಅರಮನೆಗೋ!” ಎಂದು ಅತ್ತೆ ವಾರಕ್ಕೊಮ್ಮೆ ಆಶ್ಚರ್ಯಪಡುತ್ತಿದ್ದರು.

ಭಾವಮೈದ ಆನೆಯಂಥ ಆಳು, ಇರುವೆಯಷ್ಟು ಮಾತು. ಅಂಗಡಿಯ ಸೋಫಾದ ಮೇಲೆ ಮಲಗುತ್ತಿದ್ದ. ಕಾಲುಗಳೆರಡೂ ಸೋಫಾದಾಚೆ ಅನಾಥವಾಗಿ ತೂಗುತ್ತಿದ್ದವು. ಅವನ ಗೊರಕೆಗೆ ಮರದ ಬೊಂಬೆ ಮೂಲೆಯಿಂದ ಸ್ವಲ್ಪ ಸ್ವಲ್ಪವೇ ಸರಿದು ಬೆಳಗಾಗುವಷ್ಟರಲ್ಲಿ ಬಾಗಿಲ ಹತ್ತಿರ ಬಂದು ನಿಂತಿರುತ್ತಿತ್ತು. ಹಗಲು ಗೆಳೆಯನ ಮನೆಗೆ ಹೋಗುತ್ತೇನೆಂದು ಹೇಳಿ, ವಿದ್ಯುತ್ ಕಚೇರಿಯವರು ಹಳೆಯ ನೌಕರರಿಗೆಂದು ನಡೆಸುತ್ತಿದ್ದ ತರಬೇತಿಗೆ ಹೋಗುತ್ತಿದ್ದ.

ಇಂಥ ಮನೆಯಲ್ಲಿ ಕೂತು ಅತ್ತೆ ಸಾರಿದರು: “ಮನೆಯೊಳಗೆ ಗಾಳಿ ತಂದು ಬಿಟ್ಟಿದಾರೆ. ನೇರ ಮಂಡಿಗೆ ಹೊಡೀತಿದೆ. ಫ್ಯಾನು ಆರಿಸಿ! ಗಾಳಿ ಕರೆಂಟಲ್ಲಿ ಫ್ಯಾನು ಹಾಕಿದ್ರೆ ಗಾಳಿಗೆ ಗಾಳಿ, ಎರಡು ಪಾಲು!”

“ಅತ್ತೆಗೆ ಗೊತ್ತಾಗ್ತಿದೆ ನೋಡು,” ಎಂದು ಟೇಪಣ್ಣ ಹೆಮ್ಮೆಯಿಂದ ಹೆಂಡತಿಗೆ ಹೇಳಿದ. “ಸೂಕ್ಷ್ಮ ಇರೋರಿಗೆ ಗೊತ್ತಾಗುತ್ತೆ.”

ಅಷ್ಟರಲ್ಲಿ ವಿದ್ಯುತ್ ಕಚೇರಿಯಿಂದ ಇಂಜಿನಿಯರಮ್ಮ ಬಂದಳು. ಕೈಯಲ್ಲಿ ಹೆಲ್ಮೆಟ್ಟು, ಮುಖದಲ್ಲಿ ಸಹನೆ. ಬೀದಿಯ ತಿರುವಿನಲ್ಲಿ ಪಾಳು ಬಿದ್ದಿದ್ದ ಗೋದಾಮಿನಲ್ಲಿ ದೊಡ್ಡ ಬ್ಯಾಟರಿ ಮನೆ ಮಾಡುತ್ತೇವೆ, ಗಾಳಿ ಬೀಸಿದಾಗ ತುಂಬಿಟ್ಟುಕೊಂಡರೆ ಗಾಳಿ ನಿಂತಾಗ ನಿಮ್ಮ ಮನೆಗಳಿಗೇ ಬೆಳಕು, ಬೀದಿಯವರು ಒಪ್ಪಿದರೆ ಕೆಲಸ ಶುರು, ಒಪ್ಪದಿದ್ದರೆ ಬೇರೆ ಊರಿಗೆ, ಎಂದಳು.

ಬೀದಿ ಕುದಿಯಿತು. ಮುಂದಾಳತ್ವ ವಹಿಸಿದ್ದು ಅತ್ತೆ.

“ಬ್ಯಾಟರಿ ಅಂದ್ರೆ ಏನು? ಊರಿನ ಗಾಳೀನೆಲ್ಲಾ ಡಬ್ಬೀಲಿ ತುಂಬಿ ನಮ್ಮ ಬಾಗಿಲಲ್ಲಿ ಇಡೋದು! ಒಂದು ದಿನ ಮುಚ್ಚಳ ಹಾರಿ ಹೋದ್ರೆ ನನ್ನ ಮಂಡಿ ಗತಿ ಏನು?”

“ನನ್ನ ಬ್ರೆಡ್ಡಿನ ಗತಿ?” ಎಂದ ಬೇಕರಿಯವನು.

“ನಮ್ಮ ಟೇಪಣ್ಣನೇ ಕೈಯಿಟ್ಟು ನೋಡಿ ಹೇಳಿದಾನೆ. ನಿಮಗೆ ಗೊತ್ತಾ, ನಮ್ಮ ಟೇಪಣ್ಣಂಗೆ ಗೊತ್ತಾ?” ಎಂದು ಇಂಜಿನಿಯರಮ್ಮನನ್ನು ಮೇಷ್ಟ್ರು ಕೇಳಿದರು. ಟೇಪಣ್ಣ ಕೊರಳಿನ ಟೇಪು ಸರಿಮಾಡಿಕೊಂಡ.

ಅಂದು ಸಂಜೆ ಮನೆಗೆ ಬಂದರೆ ಭಾವಮೈದ ಸೋಫಾದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಹೆಂಡತಿ ಗಂಡನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

“ಆ ಬ್ಯಾಟರಿ ಮನೆ ನೋಡ್ಕೊಳ್ಳೋ ಕೆಲಸ ಯಾರಿಗೆ ಅಂದ್ಕೊಂಡ್ರಿ? ಇವನಿಗೆ! ತರಬೇತೀಲಿ ಇವನೇ ಮುಂದೆ ಬಂದಿದ್ದ. ನಮ್ಮ ಬೀದಿ ಬೇಡ ಅಂದ್ರೆ ಬ್ಯಾಟರಿ ಬೇರೆ ಊರಿಗೆ, ಕೆಲಸ ಆ ಊರಿನೋರಿಗೆ.”

“ನನಗೆ ಹೇಳ್ಬಾರ್ದಾಗಿತ್ತಾ?”

“ನಿಮಗೆ ಹೇಳಿದ್ರೆ ಕಿಟಕಿಗೆ ಹೇಳಿದಂಗೆ. ಇನ್ನೊಂದು ಕೇಳಿ. ನಿಮ್ಮ ಯಂತ್ರ ಓಡಿದ್ದು ಗಾಳಿಯಿಂದ ಅಲ್ಲ, ಎಣ್ಣೆಯಿಂದ. ಭಾನುವಾರ ನಾನೇ ಹಾಕಿದ್ದೆ.”

ಟೇಪಣ್ಣ ಅಕ್ಕಿ ಡಬ್ಬದ ಮೇಲೆ ಕುಸಿದು ಕೂತ. ಎಣ್ಣೆಯ ವಿಷಯವನ್ನು ಅವನ ಬುದ್ಧಿ ಒಪ್ಪಿತು, ಅಂಗೈ ಒಪ್ಪಲಿಲ್ಲ. ಎಷ್ಟು ಜನರ ಮಿಕ್ಸಿ ಮುಟ್ಟಿದ ಅಂಗೈ ಅದು! ಆದರೆ ಬಾಗಿಲ ಸಂದಿಯಿಂದ ಆ ತೂಗುವ ಕಾಲುಗಳು ಕಾಣುತ್ತಿದ್ದವು. ಈ ಭಾವಮೈದನ ಗೊರಕೆಯನ್ನು ಅವನು ಮನಸಾರೆ ಶಪಿಸಿದ್ದ. ಈಗ ಗೊರಕೆಯೇ ಇಲ್ಲ. ಆ ಮನುಷ್ಯ ನಿದ್ದೆ ಬಾರದೆ ಮಲಗಿದ್ದಾನೆ. ಟೇಪಣ್ಣ ಎದ್ದು ನಿಂತ.

“ಹಚ್ಚಿದೋನು ನಾನು. ಆರಿಸೋನೂ ನಾನೇ,” ಎಂದ.

ಮಾರನೆಯ ದಿನ ಬೆಳಗ್ಗೆಯಿಂದ ಅವನು ಅಂಗಡಿ ಮುಚ್ಚಿ ಮನೆಮನೆ ಬಾಗಿಲು ತಟ್ಟಿದ. ನನಗೆ ಯಾವ ಕರೆಂಟೂ ಗೊತ್ತಾಗುವುದಿಲ್ಲ, ಎಲ್ಲ ಎಣ್ಣೆಯ ಮಹಿಮೆ ಎಂದು ಬೇಡಿಕೊಂಡ.

ಬೇಕರಿಯವನು ಕೈಮುಗಿದ. “ದೊಡ್ಡೋರ ಲಕ್ಷಣಾನೇ ಇದು. ತುಂಬಿದ ಕೊಡ ತುಳುಕಲ್ಲ.”

“ತುಳುಕೋಕೆ ಒಳಗೆ ನೀರೇ ಇಲ್ಲ ಮಾರಾಯ!”

“ನೋಡಿ, ಇನ್ನೂ ವಿನಯ!”

ಮೇಷ್ಟ್ರು ಅವನನ್ನು ಒಳಗೆ ಕರೆದು, ಬಾಗಿಲು ಹಾಕಿ, ದನಿ ತಗ್ಗಿಸಿ ಕೇಳಿದರು: “ಕಚೇರಿಯೋರು ಹೆದರಿಸಿದ್ರಾ?” ಇಲ್ಲ ಎಂದ. “ಇಲ್ಲ ಅನ್ನೋದಕ್ಕೂ ಹೆದರಿಸಿದಾರೆ!” ಎಂದು ಮೇಷ್ಟ್ರು ನಿಟ್ಟುಸಿರು ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ, ಟೇಪಣ್ಣನ ಬಾಯಿ ಕಟ್ಟಿಸಿದ್ದಾರೆ ಎಂಬ ಸುದ್ದಿ ಬೀದಿಯ ಎರಡೂ ತುದಿ ಮುಟ್ಟಿತ್ತು. ಅವನು ಒಂದು ಬಾಗಿಲಲ್ಲಿ ಇಲ್ಲ ಎಂದರೆ ಮೂರು ಬಾಗಿಲಲ್ಲಿ ಹೌದು ಎಂದಾಗುತ್ತಿತ್ತು.

ಆದರೂ ಅವನು ಬಿಡಲಿಲ್ಲ. ನೇರವಾಗಿ ವಿದ್ಯುತ್ ಕಚೇರಿಗೆ ಹೋಗಿ ಇಂಜಿನಿಯರಮ್ಮನ ಮೇಜಿನ ಮುಂದೆ ನಿಂತ.

“ನನ್ನನ್ನ ಎಲ್ರ ಎದುರಿಗೆ ಪರೀಕ್ಷೆ ಮಾಡಿ, ಫೇಲು ಮಾಡಿ.”

ತನ್ನ ನೌಕರಿಯಲ್ಲಿ ಇಂಥ ಬೇಡಿಕೆಯನ್ನು ಅವಳು ಕೇಳಿರಲಿಲ್ಲ. “ಫೇಲಾಗೋದು ಖಚಿತಾನಾ?” ಎಂದು ಕೇಳಿದಳು.

“ಅದರ ಚಿಂತೆ ನನಗೆ ಬಿಡಿ. ಶಾಲೇಲಿ ಒಂದು ಪರೀಕ್ಷೆನೂ ತಪ್ಪಿಸಿಲ್ಲ, ಎಲ್ಲದರಲ್ಲೂ ಫೇಲು.”

ಬೀದಿಯ ಸಭಾಂಗಣದಲ್ಲಿ ಪರೀಕ್ಷೆ ಏರ್ಪಾಡಾಯಿತು. ಅದು ಮುಗಿದ ಕೂಡಲೇ ಬ್ಯಾಟರಿ ಮನೆ ಬೇಕೋ ಬೇಡವೋ ಎಂದು ಕೈ ಎತ್ತುವುದು. ಇಂಜಿನಿಯರಮ್ಮ ಎರಡು ಬ್ಯಾಟರಿ ಪೆಟ್ಟಿಗೆ ತಂದಳು: ಒಂದನ್ನು ಕೊನೆಯುಸಿರು ಎಳೆಯುತ್ತಿದ್ದ ಕಲ್ಲಿದ್ದಲು ಸ್ಥಾವರದಲ್ಲೇ ತುಂಬಿಸಿದ್ದು, ಇನ್ನೊಂದನ್ನು ಗುಡ್ಡದ ಮೇಲಿನ ಗಾಳಿಯಂತ್ರದ ಬುಡದಲ್ಲಿ. ಎರಡನ್ನೂ ಪರದೆಯ ಹಿಂದೆ ಇಟ್ಟು, ಪ್ರತಿ ಸಲ ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಯಾವುದೋ ಒಂದಕ್ಕೆ ಹೊಲಿಗೆ ಯಂತ್ರದ ತಂತಿ ಸಿಕ್ಕಿಸುವುದು. ಟೇಪಣ್ಣ ಹೊಲಿದು ನೋಡಿ ಹೇಳುವುದು. ಆರು ಸಲ.

ಸಭಾಂಗಣ ಕಿಕ್ಕಿರಿದಿತ್ತು. ಮೊದಲ ಸಾಲಿನಲ್ಲಿ ಊರುಗೋಲು ಊರಿಕೊಂಡು ಅತ್ತೆ, ಅವರ ಪಕ್ಕ ಹೆಂಡತಿ. ಕೊನೆಯ ಬೆಂಚಿನಲ್ಲಿ, ಇಬ್ಬರ ಜಾಗದಲ್ಲಿ ಒಬ್ಬನಾಗಿ, ಭಾವಮೈದ.

ಟೇಪಣ್ಣನ ಲೆಕ್ಕ ಸರಳವಾಗಿತ್ತು. ತನ್ನ ಅಂಗೈಗೆ ಏನು ಅನ್ನಿಸುತ್ತದೋ ಅದರ ತಿರುವುಮುರುವು ಹೇಳುವುದು. ಅಂಗೈ ಮೇಲಿನ ನಂಬಿಕೆ ಇನ್ನೂ ಪೂರ್ತಿ ಹೋಗಿರಲಿಲ್ಲ ಎಂಬುದನ್ನು ಓದುಗರು ಮನ್ನಿಸಬೇಕು.

ಮೊದಲ ಸಲ ಯಂತ್ರ ಓಡಿತು. ಹಗುರ, ನಯ, ಅಪ್ಪಟ ಗಾಳಿ. “ಕಲ್ಲಿದ್ದಲು!” ಎಂದ ಟೇಪಣ್ಣ ಗಟ್ಟಿಯಾಗಿ.

ಪರದೆಯಾಚೆಯಿಂದ ಇಂಜಿನಿಯರಮ್ಮನ ದನಿ: “ಸರಿ.”

ಜನ ಚಪ್ಪಾಳೆ ತಟ್ಟಿದರು. ಟೇಪಣ್ಣನ ಬೆನ್ನಲ್ಲಿ ಬೆವರು ಹುಟ್ಟಿತು. ಎರಡನೆಯ ಸಲ ಯಂತ್ರ ಒರಟಾಗಿ ಗುರುಗುಟ್ಟಿತು, ಕಲ್ಲಿದ್ದಲೇ. “ಗಾಳಿ,” ಎಂದ.

“ಸರಿ.”

ಮೂರನೆಯದು ಸರಿ. ನಾಲ್ಕನೆಯದು ಸರಿ. ಐದನೆಯ ಸಲ ಅವನು ಬಾಯಿ ತೆರೆಯುವ ಮೊದಲೇ ಜನ ಎದ್ದು ನಿಂತಿದ್ದರು. ಆರನೆಯದಕ್ಕೆ ಬೇಕರಿಯವನು ಅವನನ್ನು ಎತ್ತಿಕೊಂಡುಬಿಟ್ಟ. ಬದುಕಿನಲ್ಲಿ ಮೊದಲ ಬಾರಿಗೆ ಟೇಪಣ್ಣ ನೂರಕ್ಕೆ ನೂರು ತೆಗೆದಿದ್ದ, ಅದೂ ಫೇಲಾಗಲೇಬೇಕಾದ ದಿನ.

“ಇಳಿಸ್ರೋ!” ಎಂದು ಅವನು ಮೇಲಿನಿಂದ ಅರಚಿದ. “ನನಗೆ ಅನ್ನಿಸಿದ್ದರ ಉಲ್ಟಾ ಹೇಳ್ದೆ ನಾನು! ಆರು ಸಲಾನೂ ಉಲ್ಟಾ! ನನ್ನ ಅಂಗೈ ಹೇಳಿದ್ದು ಆರಕ್ಕೆ ಆರೂ ತಪ್ಪು!”

ಸಭೆ ಒಂದು ಕ್ಷಣ ತಬ್ಬಿಬ್ಬಾಯಿತು. ಮೇಷ್ಟ್ರು ಎದ್ದು ಕನ್ನಡಕ ಒರೆಸಿದರು.

“ಯಾವಾಗಲಾದ್ರೊಮ್ಮೆ ತಪ್ಪೋನು ದಡ್ಡ,” ಎಂದರು. “ಪ್ರತಿ ಸಲಾನೂ ತಪ್ಪೋನು ಯಂತ್ರ ಇದ್ದಂಗೆ. ಅವನು ಹೇಳಿದ್ದರ ಉಲ್ಟಾ ತಗೊಂಡ್ರೆ ಸಾಕು, ಸತ್ಯ. ಇಂಥ ಖಚಿತವಾದ ಅಂಗೈ ದೇಶದಲ್ಲೇ ಇನ್ನೊಂದಿಲ್ಲ!”

ಚಾವಣಿ ಹಾರಿಹೋಗುವಂತೆ ಚಪ್ಪಾಳೆ. ಇಂಜಿನಿಯರಮ್ಮ ಪರದೆಯ ಹಿಂದಿನಿಂದ ಬಂದು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂತಳು. “ಬರೀ ನಾಣ್ಯ ರೀ ಅದು... ಬರೀ ಅದೃಷ್ಟ...” ಎನ್ನುತ್ತಿದ್ದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

“ಬ್ಯಾಟರಿ ಬೇಡ ಅನ್ನೋರು ಕೈ ಎತ್ತಿ!” ಎಂದು ಮೇಷ್ಟ್ರು ಕೂಗಿದರು.

ಟೇಪಣ್ಣ ಬೇಕರಿಯವನ ಹೆಗಲ ಮೇಲಿನಿಂದ ನೋಡಿದ. ಕೊನೆಯ ಬೆಂಚಿನಿಂದ ಭಾವಮೈದ ಎದ್ದಿದ್ದ. ಯಾರ ಕಡೆಗೂ ನೋಡದೆ, ಆ ದೊಡ್ಡ ಮೈಯನ್ನು ಆದಷ್ಟು ಚಿಕ್ಕದು ಮಾಡಿಕೊಂಡು, ಗೋಡೆಗುಂಟ ಬಾಗಿಲ ಕಡೆ ಸರಿಯುತ್ತಿದ್ದ. ಟೇಪಣ್ಣ ಹೆಂಡತಿಯ ಕಡೆ ನೋಡಿದ. ಅವಳು ಅವನ ಕಣ್ಣಲ್ಲಿದ್ದದ್ದನ್ನು ಓದಿಕೊಂಡು, ಬೇಡ ಬೇಡ ಎಂದು ತಲೆ ಆಡಿಸಿದಳು.

ಟೇಪಣ್ಣ ಕೆಳಗೆ ಧುಮುಕಿ, ಜನರನ್ನು ಮೊಣಕೈಯಿಂದ ಸರಿಸಿ, ಅತ್ತೆಯ ಮುಂದೆ ಹೋಗಿ ನಿಂತ.

“ಅತ್ತೆ, ಕ್ವಾರ್ಟರ್ಸಿಗೆ ಯಾರೂ ಬಣ್ಣ ಬಳೀತಿಲ್ಲ.”

ಅತ್ತೆ ಎತ್ತಿದ ಕೈ ಎತ್ತಿದಂತೆಯೇ ಇತ್ತು.

“ಸ್ಥಾವರದಲ್ಲಿ ಇವನ ಭಾಗ ಮುಚ್ಚಿದೆ. ನಿಮ್ಮ ಮಗನ ಕೆಲಸ ಹೋಗಿದೆ. ರಜೆ ಅಲ್ಲ ಅದು. ಆ ಗೋದಾಮಿನ ಬ್ಯಾಟರಿ ನೋಡ್ಕೊಳ್ಳೋಕೆ ಅವನೇ ಕಷ್ಟಪಟ್ಟು ಕಲ್ತಿದಾನೆ. ಅದು ಇಲ್ಲಿ ಆದ್ರೆ ಕೆಲಸ ಅವನಿಗೆ. ನನಗೆ ಗಾಳಿನೂ ಗೊತ್ತಿಲ್ಲ, ಕಲ್ಲಿದ್ದಲೂ ಗೊತ್ತಿಲ್ಲ. ನನಗೆ ಗೊತ್ತಿರೋದು ಇಷ್ಟೇ. ಬೈಯೋದಿದ್ರೆ ನನ್ನ ಬೈರಿ, ಅವರಿಬ್ರನ್ನ ಬೈಬೇಡಿ.”

ಹೆಂಡತಿ ತಾಯಿಯ ಮಣಿಕಟ್ಟು ಹಿಡಿದುಕೊಂಡಳು. ಅತ್ತೆ ಅದನ್ನು ಬಿಡಿಸಿಕೊಂಡು, ಊರುಗೋಲು ಊರಿ ಎದ್ದು, ಹಿಂದಕ್ಕೆ ತಿರುಗಿದರು. ಭಾವಮೈದ ಬಾಗಿಲಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ, ಸಿಕ್ಕಿಹಾಕಿಕೊಂಡಂತೆ ನಿಂತಿದ್ದ.

“ನಿಜಾನೇನೋ?”

“ಹೂಂ ಅಮ್ಮ.”

“ಆ ಕೆಲಸ ನಿನಗೆ ಬರುತ್ತಾ?”

“ಬರುತ್ತಮ್ಮ.”

ಅತ್ತೆಯ ರಕ್ತದೊತ್ತಡ ಏರಿತೋ ಇಳಿಯಿತೋ ಹೇಳುವವರಿರಲಿಲ್ಲ. ಅವರ ಮುಖ ಮಾತ್ರ ನೆಟ್ಟಗಾಯಿತು. ಇಡೀ ಸಭೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು.

“ಬೇಡ ಅಂತ ಎತ್ತಿರೋ ಕೈಯೆಲ್ಲ ಇಳಿಸಿ,” ಎಂದರು. ಇಳಿದವು. “ಈಗ ಬೇಕು ಅಂತ ಎತ್ತಿ.”

“ಅಮ್ಮಾ, ನನ್ನ ಬ್ರೆಡ್ಡು...” ಎಂದ ಬೇಕರಿಯವನು.

“ಈ ಬೀದಿಗೆ ಬಂದಾಗಿಂದ ನಿನ್ನ ಬ್ರೆಡ್ಡು ತಿಂತಿದೀನಿ. ಕಲ್ಲಿದ್ದಲು ಕರೆಂಟಿದ್ದಾಗ್ಲೂ ಉಬ್ಬಿದ್ದನ್ನ ಒಂದು ದಿನ ನೋಡಿಲ್ಲ. ಎತ್ತು ಕೈ.”

ಬೇಕರಿಯವನು ಎರಡೂ ಕೈ ಎತ್ತಿದ.

“ಆದ್ರೂ ನಿಮ್ಮ ಮಂಡಿ...” ಎಂದು ಮೇಷ್ಟ್ರು ರಾಗ ಎಳೆದರು.

“ಮಂಡಿ ನಂದು, ನೋವು ನಂದು. ಎರಡೂ ಬ್ಯಾಟರಿ ಹುಟ್ಟೋಕೆ ಮುಂಚಿನದು. ನಿಮಗೇನು?”

ಮೇಷ್ಟ್ರ ಕೈಯೂ ಏರಿತು. ಇಂಜಿನಿಯರಮ್ಮ ಎಣಿಸಲು ಹೊರಟು, ಎತ್ತದ ಕೈ ಒಂದೂ ಕಾಣದೆ, ಎಣಿಸುವುದನ್ನೇ ಬಿಟ್ಟಳು. ಜಗತ್ತಿನ ಸಭೆಗಳಲ್ಲಿ ಇಂಥ ಒಬ್ಬೊಬ್ಬ ಅತ್ತೆ ಕೂತಿದ್ದರೆ ಕಲ್ಲಿದ್ದಲಿನ ಕಥೆ ಎಂದೋ ಮುಗಿಯುತ್ತಿತ್ತು ಎಂದು ಅವಳಿಗೆ ಅನ್ನಿಸಿರಬಹುದು.

ಮನೆಗೆ ಹೋಗುವಾಗ ಅತ್ತೆ ಎಲ್ಲರಿಗಿಂತ ಮುಂದೆ ನಡೆದರು. ತಿರುವಿನ ಗೋದಾಮಿನ ಮುಂದೆ ಅವರು ನಿಂತು, ಮುರಿದ ಬಾಗಿಲನ್ನು ಊರುಗೋಲಿನಿಂದ ತಳ್ಳಿ ಒಳಗೆ ಇಣುಕಿದರು.

“ಇಲ್ಲೇನಾ?”

“ಇಲ್ಲೇ ಅಮ್ಮ,” ಎಂದ ಭಾವಮೈದ.

“ಹೊಗೆ ಬರುತ್ತಾ?”

“ಬರಲ್ಲ.”

“ಮಸಿ?”

“ಇರಲ್ಲಮ್ಮ. ಏನೂ ಇರಲ್ಲ.”

ಅತ್ತೆ ಬಹಳ ಹೊತ್ತು ಆ ಕತ್ತಲೆ ಗೋದಾಮನ್ನೇ ನೋಡುತ್ತ ನಿಂತರು. ಆಮೇಲೆ ತಮ್ಮ ಅಂಗೈ ಎರಡನ್ನೂ ತಿರುಗಿಸಿ ನೋಡಿಕೊಂಡರು.

“ಮೊದಲು ನಿಮ್ಮಪ್ಪನ ಅಂಗಿ, ಆಮೇಲೆ ನಿನ್ನ ಅಂಗಿ,” ಎಂದರು. “ಮೂರು ನೀರಲ್ಲಿ ತೊಳೆದ್ರೂ ಕಪ್ಪು ನೀರೇ. ನಮ್ಮ ಮನೆ ಗಂಡಸರು ಒಂದು ದಿನ ಬಿಳೀದು ತೊಟ್ಟಿದ್ದನ್ನ ನಾನು ನೋಡ್ಲಿಲ್ಲ.” ಆಮೇಲೆ ಟೇಪಣ್ಣನ ಕಡೆ ತಿರುಗಿ, “ಅಳಿಯಂದ್ರೇ, ಇವನಿಗೊಂದು ಬಿಳಿ ಅಂಗಿ ಹೊಲೀರಿ,” ಎಂದರು.

ಟೇಪಣ್ಣ ಕೊರಳಿನ ಟೇಪು ಕೈಗೆ ತೆಗೆದುಕೊಂಡ. ಏನಾದರೂ ಹೇಳಬೇಕಲ್ಲ ಎಂದು ತನ್ನ ಕಸುಬಿನ ಮಾತನ್ನೇ ಹೇಳಿದ.

“ಬಿಳೀ ಬಟ್ಟೆ ಬೇಗ ಕೊಳೆ ಆಗುತ್ತೆ ಅತ್ತೆ.”

“ಆಗ್ಲಿ,” ಎಂದರು ಅತ್ತೆ. “ಒಗೀತೀನಿ.”